ಗೂಳಿ ಮೊದಲೋ, ಮೀನು ಮೊದಲೋ

ನಮ್ಮ ಭಾವ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ನನಗೆ ಮನಸ್ಸು ಬರಲಿಕ್ಕಿಲ್ಲ. ಸಿಗರೇಟಿಲ್ಲ, ಇಸ್ಪೀಟಿಲ್ಲ, ಅಕ್ಕನ ಎದುರು ಒಂದು ದಿನ ದನಿ ಎತ್ತಿದವರಲ್ಲ. ಆದರೆ ಆಸ್ಟಿನ್ನಿನ ಯೂನಿವರ್ಸಿಟಿ ಫುಟ್‌ಬಾಲ್ ತಂಡದಲ್ಲಿ ಇದುವರೆಗಿನ ಅತ್ಯುತ್ತಮ ರನ್ನಿಂಗ್ ಬ್ಯಾಕ್ ಯಾರು ಅಂತ ಯಾರಾದರೂ ಬಾಯಿತಪ್ಪಿ ಕೇಳಿದರೋ, ಮುಗಿಯಿತು! ಕೇಳಿದವರ ಕಾಫಿ ಆರುತ್ತದೆ, ಅಕ್ಕನ ಸಾರು ಆರುತ್ತದೆ, ಭಾವನ ಮಾತು ಮಾತ್ರ ಆರುವುದಿಲ್ಲ.

ರನ್ನಿಂಗ್ ಬ್ಯಾಕ್ ಅಂದರೆ ಯಾರು ಎಂದು ನೀವು ಕೇಳಬಹುದು. ನಾನೂ ಕೇಳಿ ಕೆಟ್ಟವಳೇ. ಹೆಸರಿಗೆ ಫುಟ್‌ಬಾಲ್, ಚೆಂಡು ಕಾಲಿಗೆ ತಾಗುವುದು ಅಪರೂಪ. ಒಬ್ಬ ಚೆಂಡನ್ನು ಇನ್ನೊಬ್ಬನ ಹೊಟ್ಟೆಗೆ ತುರುಕುತ್ತಾನೆ. ಅವನು ಅದನ್ನು ಕೂಸಿನ ಹಾಗೆ ಅವುಚಿಕೊಂಡು, ಎದುರು ನಿಂತ ದೈತ್ಯರ ಸಂದಿಯಲ್ಲಿ ನುಗ್ಗಿ ಓಡಬೇಕು. ಅವನೇ ರನ್ನಿಂಗ್ ಬ್ಯಾಕ್. ಓಡುವವನು ಅವನು, ಬೀಳುವವನು ಅವನು, ಮಂಡಿ ಮುರಿಯುವುದು ಅವನದು. ಬಿಪಿ ಏರುವುದು ಮಾತ್ರ ನಮ್ಮ ಭಾವನದು! ಇದು ಯಾವ ನ್ಯಾಯ?

ಈ ಹುಚ್ಚು ಒಬ್ಬರದೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಜೊತೆಗೆ ಭಟ್ರಿದ್ದಾರೆ. ಭಾವ ಧಾರವಾಡದವರು, ಭಟ್ರು ಉಡುಪಿಯವರು. ಇಬ್ಬರೂ ಒಂದೇ ವರ್ಷ ಆಸ್ಟಿನ್ನಿಗೆ ಓದಲು ಬಂದು, ಒಂದೇ ಅಪಾರ್ಟ್‌ಮೆಂಟಿನಲ್ಲಿ ಒಂದೇ ಕುಕ್ಕರಿನ ಅನ್ನ ತಿಂದವರು. ಸ್ಟೇಡಿಯಮ್ಮಿನಲ್ಲಿ ಕೂತು ಸ್ವಂತ ತಂಡದವರನ್ನು ಬೈದರೆ ಅಕ್ಕಪಕ್ಕದವರು ಸುಮ್ಮನೆ ಬಿಡುತ್ತಾರೆಯೇ? ಅದಕ್ಕೇ ಆಟಗಾರರಿಗೆಲ್ಲ ಕನ್ನಡದ ಅಡ್ಡಹೆಸರು ಇಟ್ಟಿದ್ದರು. ನೆಟ್ಟಗೆ ನುಗ್ಗಿ ನಾಲ್ಕು ಜನರನ್ನು ಕೆಡವಿ ಹೋಗುವವನು ಗೂಳಿ. ಯಾರ ಕೈಗೂ ಸಿಗದೆ ಜಾರಿಕೊಳ್ಳುವವನು ಮೀನು. ಗೂಳಿ ವರ್ಷಗಟ್ಟಲೆ ಆಡಿ ರಾಶಿ ರಾಶಿ ಗಜ ಓಡಿದ. ಮೀನು ಸ್ವಲ್ಪವೇ ಕಾಲ ಆಡಿ ಮಂಡಿ ಮುರಿದುಕೊಂಡು ಮನೆಗೆ ಹೋದ. ಗೂಳಿಯೇ ಮೊದಲು ಅಂತ ಭಾವ. ಜನ್ಮದಲ್ಲಿ ಮೀನು ತಿನ್ನದ, ವಾಸನೆ ಬಂದರೆ ಮೂಗು ಮುಚ್ಚುವ ಭಟ್ರು ಮಾತ್ರ ಮೀನಿನ ಪಕ್ಷ!

ಓದು ಮುಗಿದ ಮೇಲೆ ಭಾವ ಚಿಪ್ ಕಂಪನಿ ಸೇರಿ ಆಸ್ಟಿನ್ನಿನ ಪಕ್ಕದ ಸೀಡರ್ ಪಾರ್ಕಿನಲ್ಲಿ ಮನೆ ಮಾಡಿದರು, ಭಟ್ರು ಹ್ಯೂಸ್ಟನ್ನಿಗೆ ಹೋದರು. ಪ್ರತಿ ಆಗಸ್ಟಿನಲ್ಲಿ, ಸೀಸನ್ ಶುರುವಾಗುವ ಮೊದಲು, ಫೋನಿನಲ್ಲಿ ರ‍್ಯಾಂಕಿಂಗ್ ನಡೆಯುತ್ತಿತ್ತು. ಮೂರರಿಂದ ಐದರವರೆಗೆ ಇಬ್ಬರದೂ ಒಂದೇ ಮಾತು. ಒಂದು, ಎರಡರ ಹತ್ತಿರ ಬಂದಾಗ ಅಕ್ಕ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು.

ಎರಡು ಸಾವಿರದ ಇಸವಿಯ ಸುಮಾರಿಗೆ ನಾನು ಎಂ.ಎಸ್. ಮಾಡಲು ಡಾಲಸ್ ಪಕ್ಕದ ರಿಚರ್ಡ್‌ಸನ್ನಿಗೆ ಬಂದೆ. ಭಾನುವಾರ ತಪ್ಪದೆ ಭಾವನ ಫೋನ್. ನಾದಿನಿ ಊಟ ಮಾಡಿದಳೋ ಇಲ್ಲವೋ ಎಂಬ ಕಾಳಜಿ ಅಂತ ನಾನು ಕರಗಿಹೋಗಿದ್ದೆ. ಆಮೇಲೆ ಗೊತ್ತಾಯಿತು, ಡಾಲಸ್ ಕಡೆಯವರು ಗೂಳಿಯ ಬಗ್ಗೆ ಏನಂತಾರೆ ಅಂತ ವಿಚಾರಿಸಲು! ಲೈಟ್ ರೈಲಿನಲ್ಲಿ ಪಕ್ಕದ ಸೀಟಿನವರನ್ನು ಕೇಳಿ ನೋಡು ಎಂದರು. ಕೇಳಲಿಲ್ಲ. ಕೇಳಿದೆ, ಗೂಳಿಯೇ ಅಂದರು ಅಂತ ಸುಳ್ಳು ಹೇಳಿದೆ. ಮರುವಾರ ಉಪ್ಪಿನಕಾಯಿ ಪಾರ್ಸೆಲ್ ಬಂತು.

ನನ್ನನ್ನು ನೋಡಲು ಹುಡುಗ ಬಂದದ್ದೂ ಸೀಡರ್ ಪಾರ್ಕಿಗೇ. ಕೆಲಸ ಏನು, ಮನೆತನ ಹೇಗೆ, ವೀಸಾ ಯಾವುದು, ಒಂದಾದರೂ ಪ್ರಶ್ನೆ ಬೇಡವೇ? ಭಾವ ಒಂದು ವಿಡಿಯೋ ಕ್ಯಾಸೆಟ್ ಹಾಕಿ ಕೂರಿಸಿದರು. ಪಾಪ, ಹುಡುಗ ಮೂರು ಗಂಟೆ ಹೊತ್ತು ಕೇಸರಿಭಾತಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಹಳೆಯ ಆಟ ನೋಡಿದ. ಕೊನೆಗೆ ಭಾವ, ಇಬ್ಬರಲ್ಲಿ ಯಾರು ಅಂದರು. ಹುಡುಗ ಹೆದರಿ ಟೀವಿಯಲ್ಲಿದ್ದ ಗೂಳಿಯ ಕಡೆ ಬೆರಳು ಮಾಡಿದ. ನನ್ನ ಮದುವೆ ನಿಶ್ಚಯವಾದದ್ದು ಹೀಗೆ! ಅವತ್ತು ನಮ್ಮವರ ಬೆರಳು ಒಂದಿಂಚು ಆಚೆ ಹೋಗಿದ್ದರೆ ನನ್ನ ಗತಿ ಏನಾಗುತ್ತಿತ್ತೋ, ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಇದನ್ನೆಲ್ಲ ಕ್ಷಮಿಸಿದ್ದೇನೆ. ನನ್ನ ಗೃಹಪ್ರವೇಶದ ವಿಷಯ ಮಾತ್ರ ಕ್ಷಮಿಸಿಲ್ಲ.

ಮದುವೆಯಾಗಿ ನಾವು ಹ್ಯೂಸ್ಟನ್ನಿನ ಹೊರವಲಯದ ಕೇಟಿಯಲ್ಲಿ ಮನೆ ತೆಗೆದುಕೊಂಡೆವು. ಭಟ್ರ ಮನೆಯೂ ಅಲ್ಲೇ, ನಾಲ್ಕು ಬೀದಿ ಆಚೆ. ವಾರವಿಡೀ ಆಫೀಸಿನಲ್ಲಿ ಪೈಪ್‌ಲೈನ್ ಡಿಸೈನ್ ಮಾಡುವ ಭಟ್ರು ಶನಿವಾರ ಬಂತೆಂದರೆ ಪಂಚೆ ಉಟ್ಟು ಕನ್ನಡದವರ ಮನೆಗಳಲ್ಲಿ ಪೂಜೆ, ಹೋಮ ಮಾಡಿಸುತ್ತಾರೆ. ನಮ್ಮಲ್ಲಿಗೂ ಬಂದರು. ಅಂಗಡಿಯ ಅಲ್ಯೂಮಿನಿಯಂ ಟ್ರೇಯಲ್ಲಿ ಇಟ್ಟಿಗೆ ಜೋಡಿಸಿ ಹೋಮಕುಂಡ ಮಾಡಿ, ಸ್ಮೋಕ್ ಅಲಾರಮ್ಮಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ ಶುರು ಮಾಡಿದೆವು. ಎಲ್ಲ ಸುಸೂತ್ರವಾಗಿ ನಡೆಯುತ್ತಿತ್ತು. ಹಿಂದೆ ಕೂತಿದ್ದ ಭಾವ ಪಕ್ಕದವರ ಕಿವಿಯಲ್ಲಿ, ಆಸ್ಟಿನ್ನಿನ ಪೇಪರಿನವರು ಓದುಗರ ಮತ ಕೇಳಿದ್ದರಂತೆ, ಗೂಳಿಗೇ ಮೊದಲ ಸ್ಥಾನವಂತೆ ಎಂದರು. ಕಿವಿಯಲ್ಲಿ ಅಂದರೆ ಧಾರವಾಡದ ಕಿವಿಮಾತು, ಮೂರು ಮನೆಗೆ ಕೇಳಿಸುವಂಥದ್ದು!

ಭಟ್ರ ತುಪ್ಪದ ಚಮಚ ಗಾಳಿಯಲ್ಲೇ ನಿಂತಿತು. ಅರ್ಧ ಮಂತ್ರ ಬಾಯಲ್ಲೇ ಉಳಿಯಿತು. ಆಟವನ್ನೇ ನೋಡದವರ ಮತ ಯಾರಿಗೆ ಬೇಕು ಅಂತ ಅವರು ಅಂದರು. ಲೆಕ್ಕ ಗೊತ್ತಿಲ್ಲದವರಿಗೆ ಬೇಕಿಲ್ಲ ಅಂತ ಇವರು ಅಂದರು. ನಾನು ರೇಷ್ಮೆ ಸೀರೆಯಲ್ಲಿ ಬೇಯುತ್ತಾ ಕೂತಿದ್ದೇನೆ, ಮುಹೂರ್ತ ಜಾರುತ್ತಿದೆ, ಅಗ್ನಿದೇವ ತುಪ್ಪವಿಲ್ಲದೆ ಹೊಗೆ ಉಗುಳುತ್ತಿದ್ದಾನೆ, ಇವರದು ಗೂಳಿ, ಮೀನು! ಆ ಭರದಲ್ಲಿ ಭಾವ ಆಡಬಾರದ ಮಾತು ಆಡಿದರು.

"ಭಟ್ಟಾ, ಆಟ ತಿಳಕೊಳ್ಳೂದು ಅಂದ್ರ ಮಂತ್ರಾ ಬಾಯಿಪಾಠ ಹೇಳಿಧಂಗಲ್ಲ."

ಭಟ್ರು ಚಮಚವನ್ನು ಮತ್ತೆ ತುಪ್ಪಕ್ಕೆ ಅದ್ದಿದರು. ಹೋಮ ಮುಗಿಸಿದರು, ನಮಗೆ ಅಕ್ಷತೆ ಹಾಕಿದರು, ಚೀಲ ಎತ್ತಿಕೊಂಡು ಹೊರಟರು. ಎಲೆ ಹಾಕಿದ್ದೆ, ಹೋಳಿಗೆ ಬಡಿಸಿದ್ದೆ. ಪೂಜೆ ಮಾಡಿಸಿದವರು ಊಟ ಮಾಡದೆ ಹೋದರು ನನ್ನ ಮನೆಯಿಂದ! ಯಾರ ತಪ್ಪಿಗೆ ಯಾರಿಗೆ ಶಿಕ್ಷೆ, ನೀವೇ ಹೇಳಿ.

ಆಮೇಲಿನ ಆಗಸ್ಟಿನಲ್ಲಿ ಫೋನ್ ಹೋಗಲಿಲ್ಲ, ಬರಲೂ ಇಲ್ಲ. ಭಾವ ಮುಖ ಊದಿಸಿಕೊಂಡು ಒಬ್ಬರೇ ಆಟ ನೋಡಿದರು. ಸುಮ್ಮನೆ ನೋಡಿದರೇ? ಪ್ರತಿ ಶನಿವಾರ ನನಗೆ ಫೋನು. ಇವತ್ತು ಓಡಿದ ಹೊಸ ಹುಡುಗ ಮೀನಿಗಿಂತ ವಾಸಿ, ಭಟ್ಟ ಸಿಕ್ಕರೆ ಹೇಳು ಅಂತ. ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿ ಮುರಿದು ನೋಡುತ್ತಾ ನಿಂತ ಭಟ್ರಿಗೆ ನಾನು ಹೇಳಬೇಕು. ಹೊಸ ಹುಡುಗನಿಗೆ ಬ್ಯಾಲೆನ್ಸೇ ಇಲ್ಲ ಅಂತ ಅವರು ಹೇಳಿ ಕಳಿಸಬೇಕು. ನಾನೇನು ಪೋಸ್ಟ್‌ಮ್ಯಾನೇ? ಮಾತು ಮುಗಿಸುವ ಮೊದಲು ಭಾವ, ಅವನು ಸೊರಗಿದ್ದಾನೇನು ಎಂದು ಕೇಳುತ್ತಿದ್ದರು. ಭಟ್ರು, ಅವನ ಬಿಪಿ ಮಾತ್ರೆ ನಡೀತಾ ಇದೆಯಾ ಎಂದು ಕೇಳುತ್ತಿದ್ದರು. ಇಷ್ಟೆಲ್ಲ ಇದ್ದರೆ ನೆಟ್ಟಗೆ ಫೋನ್ ಮಾಡಿ ಸಾಯಬಾರದೇ ಅಂತ ಇಬ್ಬರಿಗೂ ಹೇಳಿದ್ದೆ. ಯಾಕಾದರೂ ಆ ಮಾತು ಆಡಿದೆನೋ.

ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಭಟ್ರ ಹೆಂಡತಿಯ ಫೋನ್ ಬಂತು. ಎದೆನೋವು, ಆಸ್ಪತ್ರೆಗೆ ಸೇರಿಸಿದ್ದೇವೆ, ನಾಳೆ ಆಪರೇಷನ್. ನಾನು ಸೀಡರ್ ಪಾರ್ಕಿಗೆ ತಿಳಿಸಿದೆ. ಭಾವ ಅಲ್ಲಿಗೇ ಫೋನ್ ಇಟ್ಟರು. ಮಧ್ಯಾಹ್ನದ ಹೊತ್ತಿಗೆ, ಮನೆಯ ಚಪ್ಪಲಿಯಲ್ಲೇ, ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು.

ಭಟ್ರು ಮಂಚದ ಮೇಲೆ ಸಣ್ಣಗೆ ಕಾಣುತ್ತಿದ್ದರು. ಮೈತುಂಬ ವೈರು. ಭಾವ ಹತ್ತಿರ ಹೋಗಿ ಅವರ ಪಾದ ಮುಟ್ಟಿ ಕೂತರು. ಹೊದಿಕೆ ಎಳೆದು ಸರಿ ಮಾಡಿದರು. ಕೊನೆಗೆ ಮೆಲ್ಲಗೆ, "ಭಟ್ಟಾ, ನೀ ಹೇಳಿದ್ದ ಖರೇ. ಮೀನನ ಮೊದಲು" ಅಂದರು.

ಭಟ್ರ ಮುಖ ಬಿಳಿಚಿಕೊಂಡಿತು. ಏಳಲು ನೋಡಿದರು. ಮಾನಿಟರ್ ಕುಂಯ್‌ಗುಟ್ಟಿತು.

"ನೀನು ಒಪ್ಪಿದಿಯಾ? ಡಾಕ್ಟ್ರು ನಿನ್ನ ಹತ್ರ ಎಂತ ಹೇಳಿದ್ರು? ಸತ್ಯ ಹೇಳು ಮಾರಾಯ, ನಾನು ಉಳಿಯುದಿಲ್ಲ ಅಂತ ಹೇಳಿದ್ರಾ?"

ಭಾವ ಮಾನಿಟರ್ ಕಡೆ ನೋಡಿದರು. ಆಮೇಲೆ ಎದ್ದು ನಿಂತು ಶುರು ಮಾಡಿದರು ನೋಡಿ! ಮೊದಲು ಅಂದದ್ದು ಅವನು ಆಡಿದ ವರ್ಷದ ಮಟ್ಟಿಗೆ ಅಷ್ಟೇ, ಒಟ್ಟು ಇತಿಹಾಸ ತೆಗೆದರೆ ಗೂಳಿಯ ಕಾಲಧೂಳಿಗೂ ಮೀನು ಸಮ ಅಲ್ಲ, ಮಂಡಿ ಉಳಿಸಿಕೊಳ್ಳಲು ಬಾರದವನು ಎಂಥ ಆಟಗಾರ, ಅಂತ. ದನಿ ಏರಿತು. ನರ್ಸ್ ಬಂದು ಗದರಿದಳು. ಭಟ್ರು ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡರು. ಮುಖಕ್ಕೆ ಮತ್ತೆ ಬಣ್ಣ ಬಂದಿತ್ತು.

"ಹಾಗೆ ಹೇಳು," ಅಂದರು. "ನಾನು ಹೆದರಿಬಿಟ್ಟೆ."

ಕಾರಿಡಾರಿಗೆ ಬಂದಾಗ ಭಾವ ಗೋಡೆಗೆ ಹಣೆ ಒತ್ತಿ ನಿಂತಿದ್ದರು. ಭುಜ ಅಲುಗುತ್ತಿತ್ತು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಇರಲಿ ಬಿಡಿ ಭಾವ, ಸುಳ್ಳು ಹೇಳಿದರೂ ಒಳ್ಳೆಯದಕ್ಕೇ ಹೇಳಿದ್ದೀರಿ ಎಂದು ಸಮಾಧಾನ ಮಾಡಿದೆ.

"ಮೊದಲ ಅಂದದ್ದು ಸುಳ್ಳಲ್ಲ ತಂಗಿ. ಮೀನನ ಮೊದಲು. ಅವನ ಓಟ ನೋಡಿದವರಿಗೆ ಗೊತ್ತದ," ಅಂದರು. "ಆದ್ರ ನಾ ಹೂಂ ಅಂದ್ಬಿಟ್ರ ಮುಗೀತಲ್ಲ, ಆಮ್ಯಾಲೆ ಅಂವ ನನಗ ಯಾಕ ಫೋನ್ ಮಾಡ್ತಾನ?"

ಆಪರೇಷನ್ ಚೆನ್ನಾಗಿ ಆಯಿತು. ಭಟ್ರು ಈಗ ಉಪ್ಪು ಬಿಟ್ಟಿದ್ದಾರೆ, ತುಪ್ಪ ಬಿಟ್ಟಿದ್ದಾರೆ, ಮೀನನ್ನು ಬಿಟ್ಟಿಲ್ಲ. ಅಂದು ಬಿಟ್ಟುಹೋದ ಊಟಕ್ಕೆ ನಮ್ಮ ಮನೆಗೆ ಬಂದರು. ಭಾವನೂ ಬಂದಿದ್ದರು. ಇಬ್ಬರಿಗೂ ವಯಸ್ಸಾಗುತ್ತಿದೆ, ಹುಳಿ ಬಡಿಸುವ ಹೊತ್ತಿಗೆ ವಾದ ತಣ್ಣಗಾಗುತ್ತಾ ಬಂತು. ಹೀಗೇ ಬಿಟ್ಟರೆ ಆಗಸ್ಟಿನ ಫೋನಿನ ಗತಿಯೇನು? ಸೌಟು ಹಿಡಿದು ಅಲ್ಲೇ ನಿಂತು, ಏನೇ ಹೇಳಿ ಭಟ್ರೇ, ನನ್ನ ಪ್ರಕಾರ ಗೂಳಿಯೇ ಮೊದಲು ಎಂದೆ.