ಕಿವಿಯಿಂದ ಆರಿಸಿದ ಕ್ಯಾಮೆರಾ

ನಮ್ಮ ಯಜಮಾನರಿಗೆ ಹುಮನಾಬಾದಿನಲ್ಲಿ ಒಬ್ಬ ಕಾಕಾ ಇದ್ದಾರೆ. ಕ್ಯಾಮೆರಾವನ್ನು ಕಿವಿಯಿಂದ ಆರಿಸಿದವರು ಈ ಜಗತ್ತಿನಲ್ಲಿ ಅವರೊಬ್ಬರೇ ಇರಬೇಕು! ನೀವು ನಂಬುವುದಿಲ್ಲ, ನನಗೆ ಗೊತ್ತು. ಜೊತೆಗಿರದಿದ್ದರೆ ನಾನೂ ನಂಬುತ್ತಿರಲಿಲ್ಲ.

ಹೈವೇ ಪಕ್ಕದ ಗ್ಯಾರೇಜಿನಲ್ಲಿ ಜೀವಮಾನವಿಡೀ ಕಬ್ಬಿನ ಲಾರಿ ರಿಪೇರಿ ಮಾಡಿದ ಮನುಷ್ಯ. ನಟ್ಟು ಬಿಚ್ಚುವ ಪಾನಾದ ಒಂದು ತುದಿ ಎಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿ ಕಣ್ಣು ಮುಚ್ಚಿ ನಿಂತರೆ ಸಾಕು, ಲಾರಿಯ ರೋಗ ಹೇಳಿಬಿಡುತ್ತಿದ್ದರಂತೆ. ಗ್ಯಾರೇಜು ಬಿಟ್ಟರೂ ಚಟ ಬಿಟ್ಟಿಲ್ಲ. ನಮ್ಮ ಮನೆಗೆ ಬಂದರೆ ಫ್ರಿಜ್ಜಿಗೆ ಕಿವಿ ಹಚ್ಚುತ್ತಾರೆ, ಮಿಕ್ಸರಿಗೆ ಹಚ್ಚುತ್ತಾರೆ. ಒಮ್ಮೆ ಮಧ್ಯಾಹ್ನ ಗೊರಕೆ ಹೊಡೆಯುತ್ತಿದ್ದ ನಮ್ಮ ಯಜಮಾನರ ಎದೆಗೂ ಹಚ್ಚಿ, "ಸೈಲೆನ್ಸರ್ ಹೋಗ್ಯಾದ" ಎಂದು ತೀರ್ಪು ಕೊಟ್ಟರು!

ಇಂಥವರು ಒಂದು ದಿನ ನಮ್ಮೂರು ಬಸವಕಲ್ಯಾಣಕ್ಕೆ ಬಂದು, ಚಪ್ಪಲಿ ಬಿಡುವ ಮೊದಲೇ ಹೇಳಿದರು: "ನೋಡವ್ವಾ, ಒಂದು ಕ್ಯಾಮೆರಾ ತಗೋಬೇಕು. ಮದವಿ ಮುಂಜಿಗಿ ಅಲ್ಲ, ದಿನಾ ತೆಗ್ಯಾಕ. ನೀ ಕಾನ್ವೆಂಟಿನಾಗ ಓದಿದಾಕಿ. ಡಬ್ಬಿ ಮ್ಯಾಲಿನ ಇಂಗ್ಲಿಷ್ ಓದಿ ಹೇಳಾಕ ನಡಿ."

"ದಿನಾ ಯಾರ ಫೋಟೋ ತೆಗೀತೀರಿ ಕಾಕಾ?"

"ಯಾರದಂದ್ರ? ನಿಮ್ಮ ಕಾಕುಂದು!"

ಕಾಕಾರ ಹೆಂಡತಿ ಕಾಕುವಿಗೆ ಎರಡು ವರ್ಷದಿಂದ ಕಣ್ಣು ಮಂಜು. ಎದುರಿಗೆ ಯಾರೋ ನಿಂತಿದ್ದಾರೆ ಎಂಬಷ್ಟು ಮಾತ್ರ ಕಾಣುತ್ತದೆ. ಮೊದಲೆಲ್ಲ ಫೋಟೋ ಎಂದರೆ ಸೀರೆಗೊಪ್ಪುವ ಬಳೆ ಹುಡುಕಿ ತೊಟ್ಟು ಎಲ್ಲರಿಗಿಂತ ಮುಂದೆ ಕೂರುತ್ತಿದ್ದವರು, ಈಗ ಫೋಟೋ ಎಂಬ ಮಾತು ಕೇಳಿದರೇ ಎದ್ದು ಅಡುಗೆಮನೆ ಸೇರುತ್ತಾರೆ. ನಮ್ಮ ನಾದಿನಿಯ ಮಗುವಿನ ತೊಟ್ಟಿಲ ಕಾರ್ಯವಾದ ದಿನದಿಂದ ಹೀಗೆ. ಅವರನ್ನು ಮತ್ತೆ ಪಡಸಾಲೆಗೆ ಕರೆತಂದು ಕೂರಿಸಬೇಕು, ಕಾಕಾ ಹಿಡಿದ ಹಟ ಇದು.

"ಕಾಕಾ, ಫೋನ್ ಅದ ಅಲ್ರಿ, ಅದರಾಗ ತೆಗೀರಿ" ಎಂದರು ನಮ್ಮ ಯಜಮಾನರು.

"ಅದರಾಗ ಮಾತಾಡ್ತಾರ, ಅದರಾಗ ತೊಗರಿ ರೇಟ್ ನೋಡ್ತಾರ, ಅದರಾಗ ಜಗಳಾನೂ ಮಾಡ್ತಾರ. ಫೋಟೋನೂ ಅದರಾಗೇ ಏನು? ಚಾ ಸೋಸೂ ಜರಡ್ಯಾಗ ಹಿಟ್ಟು ಸಾಣಿಸಿದಂಗ ಆತು!"

ಸರಿ, ಹೊರಟೆವು. ಮೊದಲು ನಮ್ಮೂರಿನದೇ ಅಂಗಡಿ. ಮಾಲೀಕರು ಸಾಬೂನಿನ ಡಬ್ಬಿಯಷ್ಟು ಚಿಕ್ಕ ಕ್ಯಾಮೆರಾ ತೆಗೆದು ಮೆಗಾಪಿಕ್ಸೆಲ್, ಜೂಮ್ ಎಂದು ಶುರು ಮಾಡಿದರು. ಕಾಕಾ ಅದನ್ನು ಕಲ್ಲಂಗಡಿ ಹಣ್ಣು ಆರಿಸುವವರಂತೆ ಕಿವಿಗೆ ಹಿಡಿದು ಬಟನ್ ಒತ್ತಿದರು. ಮತ್ತೊಮ್ಮೆ ಒತ್ತಿದರು.

"ಸತ್ತಾದ ಇದು."

"ಇಲ್ರಿ ಕಾಕಾ, ಸಪ್ಪಳನ ಆಗಂಗಿಲ್ಲ. ಅದೇ ಇದರ ವಿಶೇಷ!"

"ಫೋಟೋ ತೆಗಿಯೂದು ಕಳ್ಳತನ ಏನ್ರಿ, ಸಪ್ಪಳ ಇಲ್ಲದ ಮಾಡಾಕ?"

ಅಂಗಡಿಯಲ್ಲಿ ದನಿ ಏರಿಸಬಾರದೆಂದು ಕಾನ್ವೆಂಟಿನ ಸಿಸ್ಟರುಗಳಿಂದ ಕಲಿತು ಬೆಳೆದ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಹುಡುಕುತ್ತ ನಿಂತೆ.

ಎರಡನೆಯದು ಹುಮನಾಬಾದಿನ ಅಂಗಡಿ. ಅಲ್ಲಿಯೂ ಕ್ಯಾಮೆರಾ ಕಾಕಾರ ಕಿವಿಗೇ ಹೋಯಿತು. ಸಪ್ಪಳ ಸಾಲದು ಎಂದರು. ನಾನು ಕೈಪಿಡಿ ಓದಿ, ಎಲ್ಲೋ ಒಳಗೆ ಹುದುಗಿದ್ದ ಸದ್ದಿನ ಗುಂಡಿ ಹುಡುಕಿ ಪೂರ್ತಿ ಏರಿಸಿದೆ. ಎಷ್ಟು ಹೆಮ್ಮೆ ನನಗೆ! ಅದು "ಟೀಂವ್, ಟೀಂವ್" ಎಂದಿತು. ಕಾಕಾ ಹೌಹಾರಿ ಎರಡು ಹೆಜ್ಜೆ ಬದಿಗೆ ಸರಿದರು.

"ರಿವರ್ಸ್ ಬರಾಕತ್ತದೋ ಏನು ಇದು? ಫೋಟೋಕ್ಕ ಕುಂತಾಕಿ ಎದ್ದು ಓಡ್ತಾಳ!"

ಹೊರಗೆ ಬಂದು ಚಾ ಕುಡಿಯುತ್ತ ನಾನು ಕೇಳಿಯೇಬಿಟ್ಟೆ. "ಫೋಟೋ ಚಂದ ಬಂದ್ರ ಸಾಲದೇನ್ರಿ ಕಾಕಾ? ಸಪ್ಪಳ ತಗೊಂಡು ಏನ್ ಮಾಡ್ತೀರಿ?"

ಕಾಕಾ ಕಪ್ಪಿನಿಂದ ಬಸಿಗೆ ಸುರಿದುಕೊಂಡ ಚಾ ಊದಿದರು. "ತೊಟ್ಟಲ ಕಾರ್ಯದ ದಿನ ನಿಮ್ಮ ಕಾಕುನ ನಡುವ ಕೂಡಿಸಿ ಫೋನಿನಾಗ ಫೋಟೋ ತೆಗದ್ರಲ್ಲ? ತೆಗದಿದ್ದು ಆಕಿಗಿ ಗೊತ್ತಾಗಲಿಲ್ಲವ್ವಾ. ಎಲ್ಲಾರೂ ಎದ್ದು ಊಟಕ್ಕ ಹೋದ್ರು. ಆಕಿ ಒಬ್ಬಾಕಿನ ಗ್ವಾಡಿ ಕಡಿ ನೋಡಿ ನಕ್ಕೋತ ಕುಂತಿದ್ಲು. ಯಾರೋ ನೋಡಿ ಕಿಸಕ್ಕಂದ್ರು. ಅವತ್ತ ಒಳಗ ಹೋದಾಕಿ." ಚಾ ಒಂದು ಗುಟುಕು ಕುಡಿದರು. "ಆತು ಅಂತ ಆಕಿಗಿ ಕೇಳಬೇಕು. ಅಷ್ಟ."

ಆ ಫೋನು ಯಾರದೆಂದು ಕಾಕಾ ಹೇಳಲಿಲ್ಲ. "ಕಾಕು, ನಗ್ರಿ" ಎಂದು ಹೇಳಿ, ಒಂದು ಫೋಟೋ ತೆಗೆದು, ಒಲೆಯ ಮೇಲಿನ ಶಿರಾ ತಳ ಹಿಡಿದೀತೆಂದು ಓಡಿದವಳು ನಾನೇ. ನನ್ನ ಚಾ ಅಲ್ಲೇ ಆರಿತು.

ಆಮೇಲೆ ನಾನೂ ನಾಚಿಕೆ ಬಿಟ್ಟೆ. ಹಳೆಯದೊಂದು ಸ್ಟುಡಿಯೋಗೆ ಹೋಗಿ, "ಭಾಯಿ, ಜೋರು ಸಪ್ಪಳ ಮಾಡೂ ಕ್ಯಾಮೆರಾ ಅದ ಏನ್ರಿ?" ಎಂದು ನಾನೇ ಕೇಳಿದೆ! ಸ್ಟುಡಿಯೋದವರು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಕಪಾಟಿನಿಂದ ಇಟ್ಟಿಗೆಯಂಥ ಹಳೇ ಡಿಜಿಟಲ್ ಕ್ಯಾಮೆರಾ ತೆಗೆದರು. ಕಾಕಾ ಕಿವಿಗೆ ಹಿಡಿದು ಒತ್ತಿದರು.

ಖಟಾಕ್!

ಲಾರಿಯ ಹಿಂಬಾಗಿಲಿಗೆ ಚಿಲಕ ಬಿದ್ದಂತೆ. ಕಾಕಾರ ಮುಖ ಅರಳಿತು.

"ಚಾಚಾ, ಭಾಳ ವಜ್ಜಿ ಅದ ಇದು. ದಿನಾ ಹಿಡ್ಯಾಕ ಬರಂಗಿಲ್ಲ" ಎಂದರು ಸ್ಟುಡಿಯೋದವರು.

"ದಿನಾ ಗೇರ್‌ಬಾಕ್ಸ್ ಎತ್ತಿದ ಕೈ ಇದು ಭಾಯಿ. ಕಟ್ಟಿ ಕೊಡ್ರಿ."

ವಾರ ಬಿಟ್ಟು ನೋಡಲು ಹೋದೆ. ಪಡಸಾಲೆಯ ಕುರ್ಚಿಯಲ್ಲಿ ಕಾಕು! ತಲೆ ಬಾಚಿ, ಅಬ್ಬಲಿಗೆ ಮುಡಿದು, ಹಸಿರು ಸೀರೆಗೆ ಹಸಿರೇ ಬಳೆ ತೊಟ್ಟಿದ್ದರು. ಖಟಾಕ್ ಎಂದೊಡನೆ ನಗು ಇಳಿಸಿ, "ಆತಲ್ಲ, ಇವತ್ತ ಏನ್ ಪಲ್ಯ ಮಾಡ್ಲಿ?" ಎಂದು ಕಾಕಾರನ್ನು ಕೇಳಿದರು.

ಫೋಟೋ ನೋಡೋಣವೆಂದು ಕ್ಯಾಮೆರಾ ಇಸಿದುಕೊಂಡರೆ ಒಂದೂ ಇಲ್ಲ. ಮುಚ್ಚಳ ತೆಗೆದು ನೋಡಿದೆ. ಒಳಗೆ ಮೆಮೊರಿ ಕಾರ್ಡೇ ಇರಲಿಲ್ಲ!

"ಅದನ್ನ ಬ್ಯಾರೆ ಹಾಕಬೇಕೇನು?" ಕಾಕಾ ಪಿಸುಗುಟ್ಟಿದರು. ಎಂಟು ದಿನ ಖಟಾಕ್ ಅನ್ನಿಸಿದ್ದರು, ಒಂದು ದಿನವೂ ಫೋಟೋ ನೋಡುವ ನೆನಪಾಗಿರಲಿಲ್ಲ. "ನಾಳಿ ತಂದು ಹಾಕೂಣು. ಆಕಿಗಿ ಹೇಳಬ್ಯಾಡ."

"ಏನ್ ಗುಸುಗುಸು ಅದು?" ಕಾಕು ಕುರ್ಚಿಯಿಂದಲೇ ಕೈ ಚಾಚಿದರು. "ಬಾ ಯವ್ವಾ, ನೀನೂ ಕುಂದ್ರು. ನಮ್ಮಿಬ್ಬರದೂ ಒಂದು ತೆಗೀಲಿ."

ಪಕ್ಕದಲ್ಲಿ ಕುಳಿತೆ. ಕಾಕು ನನ್ನ ಕೈ ಹಿಡಿದುಕೊಂಡರು. ಕಾಕಾ ಒಂದು ಕಣ್ಣು ಮುಚ್ಚಿ, ಕಾರ್ಡಿಲ್ಲದ ಕ್ಯಾಮೆರಾ ಎತ್ತಿದರು. ಖಟಾಕ್!

ನಾನು ಹಾಗೇ ಕುಳಿತಿದ್ದೆ. ಕಾಕು ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು.

"ಆತವ್ವಾ. ಇನ್ನ ಏಳು."