ಮೋಟರ್ ಆಫ್ ಮಾಡಿದ್ರಾ?

ತಪ್ಪು ಮಾಡುವುದಕ್ಕೆ ಧೈರ್ಯ ಬೇಕಿಲ್ಲ. ಆ ತಪ್ಪನ್ನು ಬೇರೆಯವರು ರಿಪೇರಿ ಮಾಡುತ್ತಿರುವಾಗ ಪಕ್ಕದಲ್ಲಿ ನಿಂತು ಟಾರ್ಚು ಹಿಡಿಯುವುದಿದೆಯಲ್ಲ, ಅದಕ್ಕೆ ಗಟ್ಟಿ ಎದೆ ಬೇಕು. ನಾನು ಮೂರು ಸಲ ಹಿಡಿದಿದ್ದೇನೆ.

ಅಟ್ಟೂರಿನ ನಮ್ಮ ಮನೆಯಲ್ಲಿ ಸಂಪಿನ ನೀರನ್ನು ತಾರಸಿಯ ಟ್ಯಾಂಕಿಗೆ ಏರಿಸುವುದು ಇಪ್ಪತ್ತೆಂಟು ವರ್ಷಗಳಿಂದ ನನ್ನ ಖಾತೆ. ಬೆಳಿಗ್ಗೆ ಐದಕ್ಕೆ ಮೋಟರ್ ಹಾಕುವುದು, ಆರಕ್ಕೆ ವಾಕಿಂಗ್ ಹೊರಡುವಾಗ ಮೆಟ್ಟಿಲ ಕೆಳಗಿನ ಸ್ವಿಚ್ಚು ಆರಿಸುವುದು, ಏಳೂವರೆಗೆ ಬಂದು ಮತ್ತೆ ಹಾಕುವುದು. ನನ್ನ ಹೆಂಡತಿ ಸರೋಜ "ಮೋಟರ್ ಆಫ್ ಮಾಡಿದ್ರಾ?" ಎಂದು ಕೇಳಿದಷ್ಟು ಸಲ "ಊಟ ಆಯ್ತಾ?" ಎಂದು ಕೇಳಿಲ್ಲ. ಒಮ್ಮೆ ಬಾಗಲೂರಿನಲ್ಲಿ ಅವಳ ತಂಗಿಯ ಮಗಳ ಮದುವೆ. ಧಾರೆಯ ಹೊತ್ತಿಗೆ ಸರಿಯಾಗಿ ಅದನ್ನೇ ಕೇಳಿದಳು. ನನಗೆ ನೆನಪಾಗಲಿಲ್ಲ. ಅಕ್ಷತೆಯನ್ನು ಜೇಬಿಗೆ ಹಾಕಿಕೊಂಡು ಆಟೋ ಹತ್ತಿದೆ. ಬಂದು ನೋಡಿದರೆ ಸ್ವಿಚ್ಚು ಆಫ್ ಆಗಿಯೇ ಇತ್ತು. ಅಕ್ಷತೆಯನ್ನು ಮೋಟರಿನ ಮೇಲೆಯೇ ಹಾಕಿ ಕೈ ಮುಗಿದೆ. ವಾಪಸು ಹೋಗುವ ಹೊತ್ತಿಗೆ ಹೋಳಿಗೆ ಮುಗಿದಿತ್ತು.

ಇದನ್ನೆಲ್ಲ ನೋಡಿ ಬೇಸತ್ತ ನಮ್ಮ ಮಗಳು ಲತಾ, ಶಾಲೆಯ ಟೀಚರು, ಕೊಡಿಗೇಹಳ್ಳಿಯ ಎಲೆಕ್ಟ್ರಿಷಿಯನ್ ಇಮ್ತಿಯಾಜನನ್ನು ಕರೆಸಿ ಆಟೊಮ್ಯಾಟಿಕ್ ಪೆಟ್ಟಿಗೆ ಹಾಕಿಸಿದಳು. ನೀರು ಇಳಿದರೆ ಮೋಟರ್ ತಾನೇ ಓಡುತ್ತದೆ, ತುಂಬಿದರೆ ತಾನೇ ನಿಲ್ಲುತ್ತದೆ, ಏನಾದರೂ ಎಡವಟ್ಟಾದರೆ ಇಮ್ತಿಯಾಜನ ಫೋನಿಗೆ ಸುದ್ದಿ ಹೋಗುತ್ತದೆ. ಸ್ವಿಚ್ಚು ಮಾತ್ರ ಸದಾ ಆನ್ ಇರಬೇಕು. "ಅಪ್ಪಾ, ನೀವಿನ್ನು ಅದನ್ನ ಮುಟ್ಟೋದೇ ಬೇಡ" ಎಂದಳು. "ನಾನೇನು ಮಗುನಾ, ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ?" ಎಂದೆ.

ವಾರದೊಳಗೆ, ಬೆಳಿಗ್ಗೆ ಏಳು ಗಂಟೆಗೆ, ತಲೆಗೆ ಸೀಗೆಕಾಯಿ ಹಚ್ಚಿಕೊಂಡಿದ್ದ ಸರೋಜಳಿಗೆ ನಲ್ಲಿ ಕೈಕೊಟ್ಟಿತು. ಇಮ್ತಿಯಾಜ್ ಬರುವ ಹೊತ್ತಿಗೆ ಮೋಟರ್ ಚೆನ್ನಾಗಿಯೇ ಓಡುತ್ತಿತ್ತು. ಯಾವುದಕ್ಕೂ ಇರಲಿ ಎಂದು ಸೆನ್ಸರಿನ ವೈರು ಬದಲಾಯಿಸಿದ. ನಾನು ಟಾರ್ಚು ಹಿಡಿದೆ. ನಾಲ್ಕು ದಿನಕ್ಕೆ ಮತ್ತೆ ನೀರಿಲ್ಲ. ಸೆನ್ಸರನ್ನೇ ಬದಲಾಯಿಸಿದ. ಮಾರನೆಯ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊರಟವನು ನೋಡುತ್ತೇನೆ, ನನ್ನ ಬಲಗೈ ಸ್ವಿಚ್ಚಿನ ಮೇಲೆ ಕೂತಿದೆ. ನನ್ನನ್ನು ಒಂದು ಮಾತೂ ಕೇಳದೆ ಅದನ್ನು ಆರಿಸಿಯೂ ಆಗಿದೆ. ದಿನಾ ಬಂದ ಮೇಲೆ ಹಾಕುತ್ತಿದ್ದದ್ದೂ ಅದೇ ಕೈ. ನಡುವೆ ಯಾರಾದರೂ ಹೆಚ್ಚು ನೀರು ಖರ್ಚು ಮಾಡಿದ ದಿನ ಟ್ಯಾಂಕು ಬರಿದಾಗುತ್ತಿತ್ತು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮಗುವಲ್ಲ ಎಂದು ಜಂಬ ಕೊಚ್ಚಿದ್ದೆನಲ್ಲ. ಇನ್ನು ಮೇಲೆ ಎಚ್ಚರವಾಗಿದ್ದರೆ ಸಾಕು ಎಂದುಕೊಂಡೆ. ಎರಡು ದಿನ ಇದ್ದೆ ಕೂಡ. ಮೂರನೆಯ ದಿನ ಲತಾ ಮುಖಕ್ಕೆ ಸೋಪು ಹಚ್ಚಿಕೊಂಡು ಬಚ್ಚಲಿನಿಂದಲೇ ಕೂಗಿದಳು.

ಇಮ್ತಿಯಾಜ್ ಮತ್ತೆ ಬಂದು ಪೆಟ್ಟಿಗೆ ಬಿಚ್ಚಿದ. ನಾನು ಟಾರ್ಚು ಹಿಡಿದೆ. ಲತಾ, "ನೋಡಿ ಇಮ್ತಿಯಾಜ್, ನಮ್ಮ ಬೀದೀಲಿ ಆರು ಮನೆಯವರಿಗೆ ನಿಮ್ಮ ಹೆಸರೇ ಹೇಳಿದ್ದೆ. ಇವತ್ತು ಎಲ್ಲರಿಗೂ ಬೇಡ ಅಂತ ಹೇಳ್ಬಿಡ್ತೀನಿ" ಎಂದಳು. ಅವನು "ಇನ್ನೊಂದ್ಸಲ ನೋಡ್ತೀನಿ ಮೇಡಂ" ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ನಾನು ಟಾರ್ಚು ಆರಿಸಿದೆ.

"ಅವನದ್ದೇನೂ ತಪ್ಪಿಲ್ಲ ಕಣಮ್ಮ, ನಾನೇ ಆರಿಸ್ತಿದ್ದೆ" ಎಂದೆ.

"ಯಾವತ್ತು?"

"ಮೂರು ಸಲಾನೂ."

ಅಡುಗೆಮನೆಯಿಂದ ಸರೋಜ, "ಮದುವೆ ಬಿಟ್ಟು ಓಡ್ಬಂದಾಗ್ಲೇ ಗೊತ್ತಾಗ್ಬೇಕಿತ್ತು, ಇವರ ಕೈ ಇವರಿಗೂ ಹೇಳ್ದೆ ಕೆಲಸ ಮಾಡತ್ತೆ ಅಂತ" ಎಂದಳು.

ಇಮ್ತಿಯಾಜ್ ಮೆಲ್ಲಗೆ ನಕ್ಕ. "ನಂಗೆ ಹೋದ ಸಲಾನೇ ಗೊತ್ತಾಯ್ತು ಸಾರ್. ಆರು ಗಂಟೆಗೆ ಕರೆಂಟ್ ಹೋಯ್ತು ಅಂತ ಫೋನಲ್ಲಿ ಬರ್ತದೆ. ಬೀದಿಗೆಲ್ಲ ಕರೆಂಟ್ ಇರ್ತದೆ, ನಿಮ್ಮ ಮೋಟರಿಂದು ಮಾತ್ರ ವಾಕಿಂಗ್ ಹೋಗ್ತದೆ."

"ಮತ್ತೆ ಯಾಕಯ್ಯಾ ಬಾಯಿ ಬಿಡ್ಲಿಲ್ಲ?"

"ದೊಡ್ಡೋರ ಮೇಲೆ ಹೆಂಗ್ ಹೇಳೋದು ಸಾರ್? ವೈರಿನ ಮೇಲೆ ಹೇಳಿದ್ರೆ ಅದು ಬೇಜಾರ್ ಮಾಡ್ಕೊಳಲ್ಲ."

ಆರೂ ಮನೆಯ ಕೆಲಸ ಅವನಿಗೇ ಸಿಕ್ಕಿತು. ಪ್ರತಿ ಮನೆಯಲ್ಲೂ ಮೊದಲು "ವಾಕಿಂಗ್ ಹೋಗೋ ಹಿರಿಯರು ಇದ್ದಾರಾ?" ಎಂದು ಕೇಳುತ್ತಾನಂತೆ. ನಮ್ಮಲ್ಲಿ ಮೋಟರನ್ನು ಪೆಟ್ಟಿಗೆಗೇ ನೇರವಾಗಿ ಜೋಡಿಸಿ, ಹಳೆಯ ಸ್ವಿಚ್ಚಿಗೆ ಒಂದು ಪುಟ್ಟ ಕೆಂಪು ದೀಪ ಮಾತ್ರ ಕೊಟ್ಟಿದ್ದಾನೆ. "ಇದು ನಿಮ್ದು ಸಾರ್, ಎಷ್ಟು ಬೇಕಾದ್ರೂ ಆಫ್ ಮಾಡಿ" ಎಂದ. ಈಗ ಆರಕ್ಕೆ ಸರೋಜ ಒಳಗಿನಿಂದ "ಮೋಟರ್ ಆಫ್ ಮಾಡಿದ್ರಾ?" ಎನ್ನುತ್ತಾಳೆ. "ಮಾಡ್ದೆ" ಎನ್ನುತ್ತೇನೆ. ಮೇಲೆ ಟ್ಯಾಂಕಿಗೆ ನೀರು ಬೀಳುವ ಸದ್ದು ಇಬ್ಬರಿಗೂ ಕೇಳುತ್ತಿರುತ್ತದೆ.

ನಾನು ಸುಧಾರಿಸಿದ್ದೇನೆಂದೇ ನಂಬಿದ್ದೆ. ಮೊನ್ನೆ ವಾಕಿಂಗಿನ ಅರ್ಧ ದಾರಿಯಲ್ಲಿ ಸಂಶಯ ಬಂತು. ಬೆವರು ಸುರಿಸಿಕೊಂಡು ಮನೆಗೆ ಓಡಿ ಬಂದೆ, ಆ ಕೆಂಪು ದೀಪ ಆರಿಸಿದ್ದೆನೋ ಇಲ್ಲವೋ ನೋಡಲು.