ಅಡಿಗೆಮನೆಯ ಬಲಗಡೆ ಸ್ಪೀಕರು

ಮನುಷ್ಯನಿಗೆ ದೇವರು ಎರಡು ಕಿವಿ ಕೊಟ್ಟದ್ದು ಒಂದರಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುವುದಕ್ಕೆ ಎಂದು ನಾನು ಶಾಲೆಗೆ ಹೋಗುತ್ತಿದ್ದ ಕಾಲದಿಂದಲೂ ನಂಬಿದ್ದೆ. ನಂಬಿದ್ದನ್ನು ಆಚರಣೆಯಲ್ಲಿಯೂ ಇಟ್ಟುಕೊಂಡಿದ್ದೆ. ಎರಡು ಕಿವಿಗೂ ಒಟ್ಟಿಗೆ ಕೆಲಸವಿದೆ, ಎಡಗಡೆಯಿಂದ ಬರುವುದು ಬೇರೆ, ಬಲಗಡೆಯಿಂದ ಬರುವುದು ಬೇರೆ, ಎರಡೂ ಸರಿಯಾಗಿ ಸೇರಿದರೆ ನಮ್ಮ ಮೂಗಿನ ನೇರಕ್ಕೆ ಗಾಯಕಿಯೇ ಬಂದು ನಿಂತ ಹಾಗಾಗುತ್ತದೆ ಎಂಬ ಸಂಗತಿ ಗೊತ್ತಾದದ್ದು ಕಳೆದ ವರ್ಷ, ಮೊಬೈಲಿನಲ್ಲಿ ವಿಡಿಯೋ ನೋಡಿ. ವಿಡಿಯೋ ನೋಡಿ ಹಾಳಾದವರು ಊರಿನಲ್ಲಿ ಬಹಳ ಮಂದಿ ಇದ್ದಾರೆ. ನಾನು ಹಾಳಾದದ್ದು ಸಂಗೀತದಿಂದ ಎಂದು ಹೇಳಿಕೊಳ್ಳಬಹುದಾದ್ದರಿಂದ ನನಗೆ ಸ್ವಲ್ಪ ಮರ್ಯಾದೆ ಉಳಿದಿದೆ.

ನಮ್ಮ ಮನೆ ಕೋಟೇಶ್ವರದಲ್ಲಿ. ಕೆಲಸ ಬ್ರಹ್ಮಾವರದ ಒಂದು ಮೊಬೈಲ್ ಅಂಗಡಿಯಲ್ಲಿ. ಉಳಿದ ಸಮಯದಲ್ಲಿ ನಾನು ಮಿಮಿಕ್ರಿ ಕಲಾವಿದ; ಅಂದರೆ ಮದುವೆಮನೆಯಲ್ಲಿ ಊಟಕ್ಕೆ ತಡವಾದಾಗ ಜನ ಎದ್ದು ಹೋಗದಂತೆ ತಡೆಯುವವನು. ಬಸ್ಸಿನ ಕಂಡಕ್ಟರು ಸೀಟಿದೆ ಎಂದು ಸುಳ್ಳು ಹೇಳುವ ದನಿ, ನಮ್ಮ ಅಂಗಡಿಯ ಯಜಮಾನರು ಗಿರಾಕಿಗೆ ಒಂದು, ಹೆಂಡತಿಗೆ ಒಂದು ಎಂದು ಇಟ್ಟುಕೊಂಡಿರುವ ಎರಡು ದನಿ, ಎಲ್ಲ ಬರುತ್ತದೆ. ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ಬೀಳುವುದು ಅಪ್ಪಯ್ಯನ ದನಿಗೆ. ಅಪ್ಪಯ್ಯ ಬಂದರಿನಲ್ಲಿ ಮೀನು ಏಲಂ ಕೂಗುವವರು. ಬೆಳಗಿನಿಂದ ಕೂಗಿ ಕೂಗಿ ಹತ್ತು ಗಂಟೆಗೆ ಮನೆಗೆ ಬರುವಾಗ ಅವರ ಗಂಟಲು ಹರಿದ ಚಾಪೆಯನ್ನು ಸಿಮೆಂಟಿನ ನೆಲದ ಮೇಲೆ ಎಳೆದ ಹಾಗೆ ಆಗಿರುತ್ತದೆ. ಅವರಿಗಿಂತ ನಾನೇ ಅವರ ಹಾಗೆ ಚೆನ್ನಾಗಿ ಮಾತಾಡುತ್ತೇನೆ. ಇಷ್ಟು ಜನರ ದನಿ ಹಿಡಿಯುವವನ ಕಿವಿ ಸಾಮಾನ್ಯದ್ದಾಗಿರಲಿಕ್ಕಿಲ್ಲ ಎಂದು ಒಂದು ದಿನ ನನಗೆ ನಾನೇ ಹೇಳಿಕೊಂಡೆ. ತೊಂದರೆ ಶುರುವಾದದ್ದು ಅಲ್ಲಿಂದ.

ಅಸಾಮಾನ್ಯ ಕಿವಿಗೆ ಅಸಾಮಾನ್ಯ ಹಾಡು ಬೇಕಲ್ಲ. ಹೈ ರೆಸೊಲ್ಯೂಷನ್ ಹಾಡು ಕೊಡುವ ಆಪ್‌ಗೆ ಸೇರಿಕೊಂಡೆ. ಅದನ್ನು ಬ್ಲೂಟೂತಿನಲ್ಲಿ ಕೇಳುವುದೆಂದರೆ ಬಂಗುಡೆ ಮೀನನ್ನು ಜಜ್ಜಿ ಬೆಂಕಿಪೆಟ್ಟಿಗೆಗೆ ತುಂಬಿದ ಹಾಗೆ, ವಯರಿನಲ್ಲೇ ಹೋಗಬೇಕು ಎಂದು ವಿಡಿಯೋದ ಗುರುಗಳು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದರು. ಬಂಗುಡೆ ಮಾತ್ರ ನನ್ನ ಸೇರ್ಪಡೆ. ಹೊಸ ಸೆಟ್ ಬೇಕಾಗಿಲ್ಲ, ಮನೆಯಲ್ಲಿರುವ ಹಳೆಯ ಸೆಟ್ಟಿಗೇ ಡ್ಯಾಕ್ ಎಂಬ ಸಣ್ಣ ಡಬ್ಬವೊಂದನ್ನು ಸಿಕ್ಕಿಸಿದರೆ ಸಾಕು ಎಂದೂ ಹೇಳಿದ್ದರು. ನಮ್ಮಲ್ಲಿ ಅಪ್ಪಯ್ಯ ಮದುವೆಯಾದ ಹೊಸತರಲ್ಲಿ ತಂದ ಸೆಟ್ ಇದೆ. ಎತ್ತಿದರೆ ಸೊಂಟ ಹಿಡಿಯುವಂಥ ಆಂಪ್ಲಿಫೈಯರ್, ಕ್ಯಾಸೆಟ್ ಹಾಕುವ ಬಾಯಿ, ಮರದ ಎರಡು ದೊಡ್ಡ ಸ್ಪೀಕರು. ಹಿಂಭಾಗದಲ್ಲಿ ವಯರು ಸಿಕ್ಕಿಸುವ ಕೆಂಪು ಬಿಳಿ ತೂತುಗಳು ಜೇಡರ ಬಲೆಯೊಳಗೆ ನನಗಾಗಿಯೇ ಕಾಯುತ್ತಿದ್ದವು.

ಡಬ್ಬ ಬಂದ ದಿನ ಅಪ್ಪಯ್ಯ ಅದನ್ನು ತಿರುಗಿಸಿ ನೋಡಿದರು. "ಇದೆಂತದಾ, ಸಾಬೂನ್ ಡಬ್ಬಿಯಾ?"

"ಡ್ಯಾಕ್ ಅಂಬ್ರ್ ಅಪ್ಪಯ್ಯ. ಮೊಬೈಲಿಂದ ಬಪ್ಪ ಲೆಕ್ಕನ ಹಾಡ್ ಮಾಡತ್ತ್."

"ಲೆಕ್ಕ ಹಾಡ್ ಆತ್ತಾ? ಹಾಂಗಾರೆ ನಿನ್ ಹತ್ನೇ ಕ್ಲಾಸಿನ್ ಲೆಕ್ಕ ಇದ್ರೊಳ್ಗ್ ಹಾಕ್, ಕಾಂಬ."

ಡಬ್ಬದ ಮುಂದೆ ಒಂದು ಸಣ್ಣ ದೀಪ. ಮಾಮೂಲಿ ಹಾಡಿಗೆ ಹಸಿರು, ಹೈ ರೆಸೊಲ್ಯೂಷನ್ ಹಾಡಿಗೆ ನೀಲಿ. ಮೊದಲ ಒಂದು ವಾರ ನಾನು ಹಾಡು ಕೇಳಲೇ ಇಲ್ಲ, ದೀಪ ನೋಡಿದೆ. ನೀಲಿ ಬಂದಕೂಡಲೇ ಕಣ್ಣು ಮುಚ್ಚಿ ತಲೆದೂಗುವುದು, ಹಸಿರು ಬಂದರೆ ಮುಖ ಕಿವುಚುವುದು. ಆದರೆ ನೀಲಿ ದೀಪದಲ್ಲಿಯೂ ಗಾಯಕಿ ಮೂಗಿನ ನೇರಕ್ಕೆ ಬಂದು ನಿಲ್ಲುತ್ತಿರಲಿಲ್ಲ. ಕಾರಣವೇನೋ ಗೊತ್ತಿತ್ತು. ನಮ್ಮ ಎಡಗಡೆ ಸ್ಪೀಕರು ಇರುವುದು ಮನೆಯ ಮುಂದಿನ ಕೋಣೆಯಾದ ಚಾವಡಿಯಲ್ಲಿ, ಬಲಗಡೆಯದ್ದು ಅಡಿಗೆಮನೆಯಲ್ಲಿ.

ಇದಕ್ಕೊಂದು ಕಥೆ ಇದೆ. ನಾನು ಹುಟ್ಟುವ ಮೊದಲು ಅಮ್ಮ ಅಡಿಗೆಮನೆಯಿಂದ "ಸ್ವಲ್ಪ ದೊಡ್ಡ ಮಾಡಿ" ಅನ್ನುವುದು, ಇಡೀ ಬೆಳಿಗ್ಗೆ ಬೊಬ್ಬೆಯಲ್ಲೇ ಕಳೆದು ಬಂದ ಅಪ್ಪಯ್ಯ "ಸ್ವಲ್ಪ ಸಣ್ಣ ಇರ್ಲಿ" ಅನ್ನುವುದು ನಡೆದೇ ಇತ್ತಂತೆ. ಕೊನೆಗೆ ಕಿರಿಮಂಜೇಶ್ವರದಿಂದ ವಯರಿಂಗ್ ಕೆಲಸಕ್ಕೆ ಬಂದವನೊಬ್ಬ ಗೋಡೆಯ ಗಾಳಿಕಿಂಡಿಯಿಂದ ವಯರು ತೂರಿಸಿ, ಒಂದು ಸ್ಪೀಕರನ್ನು ಅಕ್ಕಿ ಡ್ರಮ್ಮಿನ ಮೇಲೆ ಕೂರಿಸಿ, ಸಂಸಾರ ಸರಿ ಮಾಡಿ ಹೋದ. ಅಂದಿನಿಂದ ಅಪ್ಪಯ್ಯನಿಗೆ ಎಡಗಡೆ ಹಾಡು, ಅಮ್ಮನಿಗೆ ಬಲಗಡೆ ಹಾಡು. ನಡುವೆ ಮೊಳದಪ್ಪದ ಕೆಂಪುಕಲ್ಲಿನ ಗೋಡೆ. ಎಲ್ಲರ ಮನೆಯಲ್ಲೂ ಹೀಗೆಯೇ ಎಂದು ನಾನು ತಿಳಿದಿದ್ದೆ. ಮೊದಲ ಸಲ ಸ್ನೇಹಿತನ ಮನೆಯಲ್ಲಿ ಎರಡೂ ಸ್ಪೀಕರು ಒಂದೇ ಕೋಣೆಯಲ್ಲಿ ಕಂಡಾಗ, ಪಾಪ, ಇವರ ಅಡಿಗೆಮನೆಗೆ ಗತಿಯಿಲ್ಲವಲ್ಲ ಅನಿಸಿತ್ತು.

ಈಗ ನಾನು ಬುದ್ಧಿವಂತನಾಗಿದ್ದೆ. ಅಂಗಡಿಗೆ ರಜೆ ಇದ್ದ ದಿನ ಅಡಿಗೆಮನೆಗೆ ಹೋಗಿ, "ಅಮ್ಮ, ಸ್ಪೀಕರ್ ಚಾವಡಿಗ್ ತಕಂಡ್ ಹೋಗ್ಲಾ?" ಎಂದು ಕೇಳಿದೆ. ಅಮ್ಮ ಬಂಗುಡೆಯ ಹೊಟ್ಟೆ ಸೀಳುತ್ತ, "ನಂಗೆಂತಕ್ಕೆ ಅದ್? ಬೇಕಾರೆ ತಕಂಡ್ ಹೋಗ್" ಅಂದರು. ನಮ್ಮ ಕಡೆಯ ಹೆಂಗಸರು ಬೇಡ ಎಂದು ಬಾಯಿಬಿಟ್ಟು ಹೇಳಿದರೆ ಇನ್ನೂ ಸ್ವಲ್ಪ ಚರ್ಚೆಗೆ ಜಾಗ ಇರುತ್ತದೆ. "ಬೇಕಾರೆ ತಕಂಡ್ ಹೋಗ್" ಅಂದರೆ ಕೈ ಮುಗಿದು ಹೊರಗೆ ಬರಬೇಕು. ಎಲ್ಲರ ದನಿಯ ಒಳಗುಟ್ಟು ಬಲ್ಲ ನಾನು ಆ ದಿನ ಅದನ್ನು ಒಪ್ಪಿಗೆ ಎಂದೇ ತಿಳಿದು ಸ್ಪೀಕರನ್ನು ಅಪ್ಪಿಕೊಂಡು ಹೊರಟೆ. ಒಗ್ಗರಣೆಯ ಜಿಡ್ಡಿಗೆ ಅದು ಡ್ರಮ್ಮಿಗೆ ಅಂಟಿತ್ತು. ಬಿಡಲು ಅದಕ್ಕೂ ಮನಸ್ಸಿರಲಿಲ್ಲ.

ಎರಡೂ ಸ್ಪೀಕರನ್ನು ಚಾವಡಿಯಲ್ಲಿ ಅಳತೆ ಮಾಡಿ ಇಟ್ಟು, ನಡುವೆ ಅಪ್ಪಯ್ಯನ ಕುರ್ಚಿ ಹಾಕಿ, ಅವರು ವರ್ಷಗಟ್ಟಲೆ ಕ್ಯಾಸೆಟ್ಟಿನಲ್ಲಿ ಕೇಳಿದ್ದ ಹಳೆಯ ಹಾಡನ್ನೇ ಹೈ ರೆಸೊಲ್ಯೂಷನಿನಲ್ಲಿ ಹಾಕಿದೆ. ದೀಪ ನೀಲಿ. ಎಡಗಡೆಯಿಂದ ಗಂಡು ದನಿ ಒಂದು ಸಾಲು ಹಾಡಿ ನಿಂತಿತು. ಬಲಗಡೆಯಿಂದ ಹೆಣ್ಣು ದನಿ ಉತ್ತರ ಕೊಟ್ಟಿತು. ಅಪ್ಪಯ್ಯ ಕುರ್ಚಿಯಲ್ಲಿ ನೆಟ್ಟಗಾದರು.

"ಇದ್ಯಾರಾ ಹೆಣ್ಣ್?"

"ಅಪ್ಪಯ್ಯ, ಅದ್ ಇಬ್ರ್ ಹೇಳೂ ಹಾಡ್."

"ನಾ ಇಷ್ಟ್ ವರ್ಷ ಅವ ಒಬ್ನೇ ಹಲ್ಬೂದ್ ಅಂದ್ಕಂಡಿದ್ದೆ ಮಾರಾಯ. ಬಾ ಅಂತಾ, ಸುಮ್ನಾತಾ, ಮತ್ ಬಾ ಅಂತಾ. ಪಾಪದವ ಅಂದೇಳಿ." ಸ್ವಲ್ಪ ಯೋಚಿಸಿ ಸೇರಿಸಿದರು: "ಅವ್ಳ್ ಅವತ್ತೇ ಬತ್ತೆ ಅಂದಿದ್ಳಾ ಹಾಂಗಾರೆ."

ಅಮ್ಮನನ್ನು ಕೂಗಿದೆವು. ಅಮ್ಮ ಬಾಗಿಲಲ್ಲಿ ನಿಂತು ಒಂದು ಚರಣ ಕೇಳಿದರು. ಮುಖ ಸಣ್ಣದಾಯಿತು. "ಈ ಗಂಡ್ಸ್ ಎಂತಕ್ಕೆ ಮಧ್ಯ ಮಧ್ಯ ಬಾಯ್ ಹಾಕೂದ್? ಅವ್ಳ್ ಒಬ್ಳೇ ಚಂದ ಹೇಳ್ತಿದ್ಳ್." ಒಳಗೆ ಹೋದರು.

ಆಮೇಲಿನ ದಿನಗಳಲ್ಲಿ ಅಡಿಗೆಮನೆಯಿಂದ ಪಾತ್ರೆಯ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಅಮ್ಮ ದೂರು ಹೇಳಲಿಲ್ಲ. ದೂರು ಹೇಳಿದ್ದು ಸಾರು. ಅಮ್ಮ ಇಷ್ಟು ವರ್ಷ ಹಾಡಿನ ಲೆಕ್ಕದಲ್ಲೇ ಅಡಿಗೆ ಮಾಡುತ್ತಿದ್ದರು ಎಂಬುದು ನಮಗ್ಯಾರಿಗೂ ಗೊತ್ತಿರಲಿಲ್ಲ: ಕುಚ್ಚಲಕ್ಕಿ ಅನ್ನಕ್ಕೆ ಕ್ಯಾಸೆಟ್ಟಿನ ಒಂದು ಮಗ್ಗುಲು, ಮಸಾಲೆ ಕುದಿಯಲು ಎರಡು ಹಾಡು, ಮೀನು ಹಾಕಿದ ಮೇಲೆ ಒಂದೇ ಒಂದು ಹಾಡು. ಈಗ ಬಂಗುಡೆ ಕರಗಿ ಮುಳ್ಳು ಮಾತ್ರ ತಟ್ಟೆಗೆ ಬರತೊಡಗಿತು.

"ಇದ್ ಸಾರಾ, ಚಟ್ನಿಯಾ?" ಎಂದರು ಅಪ್ಪಯ್ಯ ಮೂರನೆಯ ದಿನ.

"ನಂಗೆಂತ ಗೊತ್ತಾತ್ತ್?" ಎಂದರು ಅಮ್ಮ. "ಗಡಿಯಾರ ಕಾಂತಾ ಕೂಕಂಡ್ರೆ ಒಲಿ ಕಾಂಬುದ್ ಯಾರ್?" ಅಷ್ಟು ಹೇಳಿ, ಸ್ಪೀಕರಿಲ್ಲದ ಅಕ್ಕಿ ಡ್ರಮ್ಮಿನ ಮೇಲೆ ಸೊಪ್ಪಿನ ಬುಟ್ಟಿ ಇಟ್ಟರು. ಒಂದು ಕ್ಷಣ ನೋಡಿ, ಬುಟ್ಟಿಯನ್ನು ಪುನಃ ಕೆಳಗಿಟ್ಟರು. ಸ್ಪೀಕರಿಗೆ ಜಾಗ ಹಿಡಿದಿಟ್ಟಿದ್ದಾರೆ ಎಂದು ನನಗೂ ಅರ್ಥವಾಯಿತು. ಆದರೆ ಗಾಯಕಿ ಆಗಷ್ಟೇ ಮೂಗಿನ ನೇರಕ್ಕೆ ಬರತೊಡಗಿದ್ದಳು. ನಾನು ಅರ್ಥವಾಗದವನ ಹಾಗೆ ಮುಳ್ಳು ಹೆಕ್ಕಿದೆ; ಅದೂ ಒಂದು ಮಿಮಿಕ್ರಿಯೇ.

ಅಪ್ಪಯ್ಯನಿಗೆ ಸಂಗೀತವೂ ಬೇಕು, ಬಂಗುಡೆಯೂ ಬೇಕು. ಎರಡರಲ್ಲಿ ಒಂದು ಎಂದರೆ ಬಂಗುಡೆ ಎನ್ನಲು ಯೋಚನೆ ಮಾಡುವ ಜನ ಅಲ್ಲ. "ಮಗಾ, ಆ ನೀಲಿ ಯಾವ್ದ್, ಹಸ್ರ್ ಯಾವ್ದ್ ಅಂದೇಳಿ ಕಣ್ಣ್ ಮುಚ್ಕಂಡ್ ಹೇಳ್. ಐದ್ರಲ್ಲಿ ನಾಕ್ ಸರಿ ಆರೆ ಸ್ಪೀಕರ್ ಇಲ್ಲೇ ಇರ್ಲಿ. ಇಲ್ದಿರೆ ಇವತ್ತೇ ಒಳಗ್ ಹೋತ್ತ್" ಎಂದರು. ನಾನು ನಕ್ಕೆ. ಐದಕ್ಕೆ ಐದು ಹೇಳುತ್ತೇನೆ ಎಂದೆ. ಮೊಬೈಲಿನಲ್ಲಿ ಹಾಡಿನ ದರ್ಜೆ ಬದಲಿಸುವ ಕೆಲಸವನ್ನು ಅಮ್ಮನಿಗೆ ಕೊಟ್ಟೆವು, ಧಾರಾವಾಹಿ ನೋಡಿ ನೋಡಿ ಮೊಬೈಲು ಒತ್ತುವುದರಲ್ಲಿ ಅವರು ಅಪ್ಪಯ್ಯನಿಗಿಂತ ಪಳಗಿದವರು. ಕೆಳಗಿನದು ಒತ್ತಿದರೆ ನೀಲಿ, ಮೇಲಿನದು ಒತ್ತಿದರೆ ಹಸಿರು ಎಂದು ಒತ್ತಿ ತೋರಿಸಿದೆ. ಮೀನು ಕೊಯ್ಯುತ್ತಿದ್ದವರು ಹಾಗೆಯೇ ಎದ್ದು ಬಂದರು. ಅಪ್ಪಯ್ಯ ಹೆಗಲ ಮೇಲಿನ ಬೈರಾಸನ್ನು ನನ್ನ ಕಣ್ಣಿಗೆ ಬಿಗಿದು, ಕದ್ದು ನೋಡದಿರಲಿ ಎಂದು ಡಬ್ಬದ ಮುಖವನ್ನೂ ಗೋಡೆಗೆ ತಿರುಗಿಸಿ, ಪ್ರತಿ ಸಲವೂ ಸದ್ದನ್ನು ಪೂರ್ತಿ ಇಳಿಸಿ, ಅಮ್ಮ "ಹಾಂ, ಆಯ್ತ್" ಅಂದ ಮೇಲೆ ಏರಿಸಿ, ಬಂದರಿನ ದನಿಯಲ್ಲೇ ಶುರು ಮಾಡಿದರು: "ನೀಲಿಯಾ, ಹಸ್ರಾ, ಒಂದ್ಸಲ... ನೀಲಿಯಾ, ಹಸ್ರಾ, ಎರಡ್ಸಲ..."

"ನೀಲಿ" ಎಂದೆ. "ತಬಲಾದ ಚರ್ಮ ಕೂಡ ಕೇಣತ್ತ್." ಎರಡನೆಯದಕ್ಕೆ, "ಛೆ, ಹಸ್ರ್. ಗೋಣಿ ಮುಚ್ಚಿದಾಂಗ್ ಆಯ್ತ್." ಮೂರನೆಯದು ನೀಲಿ, ಕಿಟಕಿ ತೆರೆದು ಗಾಳಿ ಬಂದ ಹಾಗಿದೆ ಎಂದೆ. ನಾಲ್ಕನೆಯದೂ ನೀಲಿ, ಗಾಯಕಿ ಸೀರೆ ಸರಿಪಡಿಸಿಕೊಂಡದ್ದು ಕೇಳಿಸಿತು ಎಂದೆ. ಐದನೆಯದು ಹಸಿರು. ಬೈರಾಸು ಬಿಚ್ಚಿ ಗೆದ್ದವನ ಹಾಗೆ ಕುರ್ಚಿಗೆ ಒರಗಿದೆ.

"ಎಷ್ಟ್ ಸರಿಯೇ?" ಎಂದು ಅಪ್ಪಯ್ಯ ಅಮ್ಮನನ್ನು ಕೇಳಿದರು.

"ಸರಿ ತಪ್ಪ್ ನಂಗ್ ಗೊತ್ತಿಲ್ಲೆ. ನಾ ಅದ್ನ ಮುಟ್ಲೇ ಇಲ್ಲೆ" ಎಂದು ಅಮ್ಮ ಎರಡೂ ಕೈ ಎತ್ತಿ ತೋರಿಸಿದರು. ಮೊಣಕೈವರೆಗೆ ಬಂಗುಡೆಯ ಸಿಪ್ಪೆ ಹೊಳೆಯುತ್ತಿತ್ತು. "ಹೊಸ ಮೊಬೈಲ್, ಮೀನಿನ್ ವಾಸ್ನಿ ಬಪ್ಪುದ್ ಬ್ಯಾಡ ಅಂದೇಳಿ ಸುಮ್ನೆ ಆಯ್ತ್ ಆಯ್ತ್ ಅಂದೆ."

ಡಬ್ಬ ತಿರುಗಿಸಿ ನೋಡಿದೆ. ದೀಪ ಹಸಿರು. ಐದು ಸಲವೂ ಹಸಿರೇ. ಅಪ್ಪಯ್ಯ ನಗಲಿಲ್ಲ, ಅದೇ ದೊಡ್ಡ ಅವಮಾನ. ಬೆನ್ನು ತಟ್ಟಿ, "ಹಾಂಗಾರೂ ಎರಡ್ ಸರಿ ಆಯ್ತಲಾ" ಎಂದರು. ಕೈ ತೊಳೆಯುವ ನಲ್ಲಿ ಅಮ್ಮ ನಿಂತಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು ಎಂಬುದು ನನಗೆ ಹೊಳೆದದ್ದು, ಸ್ಪೀಕರನ್ನು ಪುನಃ ಅಪ್ಪಿಕೊಂಡು ಆ ನಲ್ಲಿಯ ಪಕ್ಕದಲ್ಲೇ ಒಳಗೆ ಹೋಗುವಾಗ. ಅಮ್ಮ ನನಗಿಂತ ಮೊದಲೇ ಹೋಗಿ ಡ್ರಮ್ಮಿನ ಮೇಲ್ಭಾಗವನ್ನು ಒರೆಸಿಟ್ಟಿದ್ದರು. ಮರುದಿನದ ಬಂಗುಡೆ ಬಾಲ ಸಮೇತ ಇಡಿಯಾಗಿ ತಟ್ಟೆಗೆ ಬಂತು.

ಈಗ ನಮ್ಮ ಮನೆಯಲ್ಲಿ ಲೋಕದ ಅತ್ಯುತ್ತಮ ದರ್ಜೆಯ ಸಂಗೀತ ಅರ್ಧರ್ಧವಾಗಿ ಹರಿಯುತ್ತದೆ. ಅಪ್ಪಯ್ಯನಿಗೆ ಕರೆಯುವವನು, ಅಮ್ಮನಿಗೆ ಬರುತ್ತೇನೆ ಎನ್ನುವವಳು. ಇಬ್ಬರೂ ಸರಿಯಾಗಿ ಕೇಳಿಸುವ ಜಾಗ ಇಡೀ ಮನೆಯಲ್ಲಿ ಒಂದೇ, ಚಾವಡಿಗೂ ಅಡಿಗೆಮನೆಗೂ ನಡುವಿನ ಹೊಸ್ತಿಲು. ಮೊದಲ ದಿನ ಅಲ್ಲಿ ಕುಳಿತದ್ದಕ್ಕೆ, "ಹೊಸ್ಲ್ ಮೇಲ್ ಕೂಕಂಬುದಾ? ಏಳ್" ಎಂದು ಅಮ್ಮ ಎಬ್ಬಿಸಿದರು. ಆದ್ದರಿಂದ ನಿಂತು ಕೇಳುತ್ತೇನೆ. ಬಾಗಿಲಲ್ಲಿ ಸುಮ್ಮನೆ ನಿಂತವನನ್ನು ಕಂಡು ಸುಮ್ಮನಿರುವ ತಾಯಿ ನಮ್ಮ ಊರಿನಲ್ಲಿ ಇಲ್ಲವಾದ್ದರಿಂದ ಕೈಯಲ್ಲಿ ಸುಲಿಯಲು ಕೊಟ್ಟ ಬೆಳ್ಳುಳ್ಳಿ ಇರುತ್ತದೆ. ಎಡಕಿವಿಗೆ ಅವನು, ಬಲಕಿವಿಗೆ ಅವಳು, ಉಗುರಿನ ಸಂದಿಯಲ್ಲಿ ಉರಿ. ನಿಂತ ಜಾಗದಿಂದ ಡಬ್ಬದ ದೀಪ ಮಾತ್ರ ಕಾಣುವುದಿಲ್ಲ. "ಅಪ್ಪಯ್ಯ, ನೀಲಿಯಾ, ಹಸ್ರಾ?" ಎಂದು ಕೇಳುತ್ತೇನೆ. ಅಪ್ಪಯ್ಯ ಪೇಪರಿನಿಂದ ತಲೆಯನ್ನೂ ಎತ್ತದೆ, "ನೀಲಿ, ನೀಲಿ" ಅನ್ನುತ್ತಾರೆ. ಆ ಕ್ಷಣದಿಂದ ನನಗೆ ಹಾಡು ಬಹಳ ಚೆನ್ನಾಗಿ ಕೇಳತೊಡಗುತ್ತದೆ.